ಸ್ಟೋಕರ್‌ನ ಪದಕ ಕೈಗೆ ಬಂದರೆ ಮೊದಲು ಅದರ ಅಂಚು ಓದಿ

ಪ್ರಶ್ನೆ: ನಾನು ಧಾರವಾಡದವನು. ಈಗ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ನಾಲ್ಕು ಪದಕಗಳ ಒಂದು ಸೆಟ್ ಕೊಂಡೆ. ಮೊದಲ ಮಹಾಯುದ್ಧದವು ಮೂರು (ಒಂದು ನಕ್ಷತ್ರ, ಒಂದು ಬ್ರಿಟಿಷ್ ವಾರ್ ಮೆಡಲ್, ಒಂದು ವಿಕ್ಟರಿ ಮೆಡಲ್), ದೀರ್ಘ ಸೇವೆಯದು ಒಂದು. ನಾಲ್ಕರಲ್ಲೂ ಒಂದೇ ಹೆಸರು, ‘ಕೆ’ಯಿಂದ ಶುರುವಾಗುವ ಒಂದೇ ನಂಬರ್. ಆದರೆ ನಕ್ಷತ್ರದ ಹಿಂದೆ ‘ಎಸ್‌ಟಿಒ. 2’ ಅಂತ ಇದೆ. ಇನ್ನೆರಡರಲ್ಲಿ ‘ಎಲ್. ಎಸ್‌ಟಿಒ.’ ಕೊನೆಯದರಲ್ಲಿ ‘ಎಸ್.ಪಿ.ಒ. ಎಚ್.ಎಂ.ಎಸ್. ವಿವಿಡ್’. ವಿವಿಡ್ ಎಂಬ ಹಡಗು ಯಾವ ಕದನದ ಪಟ್ಟಿಯಲ್ಲೂ ಸಿಗುತ್ತಿಲ್ಲ. ಇದು ಅಸಲಿ ಸೆಟ್ಟೇ? ಹಡಗಿನ ಎಂಜಿನ್ ವಿಭಾಗದ ನಾವಿಕರ ಪದಕಗಳನ್ನೇ ಸಂಗ್ರಹಿಸುವ ಆಸೆ ಹುಟ್ಟಿದೆ. ಹೇಗೆ ಶುರು ಮಾಡಲಿ? ತಿಕ್ಕಿ ಹೊಳಪು ತರಬಹುದಾ? ಊರಿಗೆ ಒಯ್ಯಬಹುದಾ? ಆತನ ಮನೆಯವರನ್ನು ಹುಡುಕಿ ವಾಪಸ್ ಕೊಡಬೇಕಾ?

ಉತ್ತರ:

ಮೊದಲು ನಿಮ್ಮ ಅನುಮಾನಕ್ಕೆ ಬರೋಣ. ಮೂರು ಕಡೆ ಮೂರು ಹುದ್ದೆ ಇರುವುದು ದೋಷ ಅಲ್ಲ. ನಿಮ್ಮ ಸೆಟ್‌ ಸರಿಯಾಗಿದೆ ಅನ್ನಿಸುವುದಕ್ಕೆ ಅದೇ ಒಂದು ಕಾರಣ. ಯುದ್ಧದ ಶುರುವಿನಲ್ಲಿ ಆತ ಎರಡನೇ ದರ್ಜೆಯ ಸ್ಟೋಕರ್, ಅಂದರೆ ಬಾಯ್ಲರಿನ ಕುಲುಮೆಗೆ ಕಲ್ಲಿದ್ದಲು ಹಾಕುವವನು. ಯುದ್ಧ ಮುಗಿಯುವ ಹೊತ್ತಿಗೆ ಲೀಡಿಂಗ್ ಸ್ಟೋಕರ್. ದೀರ್ಘ ಸೇವೆಯ ಪದಕ ಸಿಗುವ ಹೊತ್ತಿಗೆ ಸ್ಟೋಕರ್ ಪೆಟಿ ಆಫೀಸರ್. ಒಬ್ಬ ಮನುಷ್ಯ ಬಾಯ್ಲರ್ ಮುಂದೆ ಸಲಿಕೆ ಹಿಡಿದು ನಿಂತು, ಮೆಟ್ಟಿಲು ಹತ್ತಿದ ಲೆಕ್ಕ ಅದು. ನಾಲ್ಕರಲ್ಲೂ ಒಂದೇ ಹುದ್ದೆ ಇದ್ದಿದ್ದರೆ ನಾನು ಸ್ವಲ್ಪ ಜಾಸ್ತಿ ಹೊತ್ತು ನೋಡುತ್ತಿದ್ದೆ.

ವಿವಿಡ್ ಕದನದಲ್ಲಿ ಸಿಗುವುದಿಲ್ಲ, ಯಾಕೆಂದರೆ ಅದು ತೇಲುವ ಯುದ್ಧನೌಕೆಯೇ ಅಲ್ಲ. ನೀವಿರುವ ಊರಿನಲ್ಲೇ, ಡೆವನ್‌ಪೋರ್ಟ್‌ನಲ್ಲಿದ್ದ ನೌಕಾ ಬ್ಯಾರಕ್ಕಿನ ಹೆಸರು ಅದು. 1934ರಲ್ಲಿ ಅದಕ್ಕೆ ಡ್ರೇಕ್ ಅಂತ ಹೆಸರು ಬದಲಾಯಿತು. ರಾಯಲ್ ನೇವಿಯಲ್ಲಿ ದಡದ ಠಾಣೆಗಳಿಗೂ ಹಡಗಿನ ಹೆಸರೇ. ಪೋರ್ಟ್ಸ್‌ಮತ್‌ನದು ವಿಕ್ಟರಿ, ಚಾಟಮ್‌ನದು ಪೆಂಬ್ರೋಕ್. ದೀರ್ಘ ಸೇವೆಯ ಪದಕದ ಮೇಲೆ, ಅದು ಮಂಜೂರಾದಾಗ ಆತ ಯಾವ ಲೆಕ್ಕಪುಸ್ತಕದಲ್ಲಿದ್ದನೋ ಆ ಹೆಸರು ಬೀಳುತ್ತಿತ್ತು. ಹೀಗಾಗಿ ಮೊದಲ ಮಹಾಯುದ್ಧದ ದೊಡ್ಡ ನೌಕಾ ಕದನವಾದ ಜಟ್‌ಲ್ಯಾಂಡ್ ಕಂಡವನ ಪದಕದ ಮೇಲೂ ಬ್ಯಾರಕ್ಕಿನ ಹೆಸರು ಇರಬಹುದು. ಹೊಸಬರು ಇದನ್ನು ನೋಡಿ ‘ಯುದ್ಧಕ್ಕೇ ಹೋಗದವನು’ ಅಂತ ಬಿಟ್ಟುಬಿಡುತ್ತಾರೆ. ಬಲ್ಲವರಿಗೆ ಅದೇ ಲಾಭ.

ಬ್ರಿಟಿಷ್ ನೌಕಾಪಡೆಯ ಪದಕದಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ, ಹೆಸರು, ನಂಬರ್, ಹುದ್ದೆ ಹಾಕಿರುವ ಈ ಅಂಚು. ರಾಜನ ತಲೆ ಎಲ್ಲದರಲ್ಲೂ ಒಂದೇ. ಅಂಚಿನ ಒಂದು ಸಾಲು ಮಾತ್ರ ಒಬ್ಬನದು. ಅದರಲ್ಲೂ ನಂಬರ್ ಮುಖ್ಯ. 1894ರಿಂದ 1907ರವರೆಗೆ ಸೇರಿದವರಿಗೆ ಅಕ್ಷರ ಇರಲಿಲ್ಲ, ವಿಭಾಗಕ್ಕೊಂದು ನಂಬರ್ ಸಾಲು ಮೀಸಲಿತ್ತು. 276001ರಿಂದ ಮೇಲಕ್ಕೆ, 313000ದ ಒಳಗೆ ಇದ್ದರೆ ಸ್ಟೋಕರ್. 268001ರಿಂದ 273000ದ ಒಳಗಿದ್ದರೆ ಎಂಜಿನ್ ರೂಮ್ ಆರ್ಟಿಫಿಸರ್, ಅಂದರೆ ಇಆರ್‌ಎ, ಎಂಜಿನ್ನಿನ ನುರಿತ ಕುಶಲಕರ್ಮಿ. 1908ರಿಂದ ಅಕ್ಷರ ಬಂತು. ಡೆಕ್ಕಿನ ನಾವಿಕರಿಗೆ ಜೆ, ಸ್ಟೋಕರ್‌ಗಳಿಗೆ ಕೆ, ಅಧಿಕಾರಿಗಳ ಅಡುಗೆಯವರಿಗೂ ಸ್ಟೀವರ್ಡ್‌ಗಳಿಗೂ ಎಲ್, ಉಳಿದವರಿಗೆಲ್ಲ ಎಂ. ಇಆರ್‌ಎಗಳು ಈ ‘ಉಳಿದವರ’ ಎಂ ಸಾಲಿಗೆ ಬಂದರು. ಅದಕ್ಕೇ ಎಂ ನಂಬರ್ ಕಂಡ ಕೂಡಲೇ ಕುಣಿಯಬೇಡಿ. ಅದು ಇಆರ್‌ಎ ಇರಬಹುದು, ಆಸ್ಪತ್ರೆ ಸಹಾಯಕ ಇರಬಹುದು, ಬಡಗಿಯೂ ಇರಬಹುದು. ಕಡಿಮೆ ಅವಧಿಗೆ ಸೇರಿದವರದು ಎಸ್ಎಸ್. ಅದರಲ್ಲಿ 100001ರಿಂದ ಮುಂದಿನವು ಸ್ಟೋಕರ್‌ಗಳವು. 1925ರ ನಂತರ ಸೇರಿದವರಿಗೆ ಒಂದು ಎಕ್ಸ್ ಕೂಡಿತು, ಕೆಎಕ್ಸ್, ಎಂಎಕ್ಸ್ ಅಂತ. ಅದರ ಮುಂದೆ ಡಿ, ಪಿ, ಸಿ ಇದ್ದರೆ ಡೆವನ್‌ಪೋರ್ಟ್, ಪೋರ್ಟ್ಸ್‌ಮತ್, ಚಾಟಮ್.

ಹುದ್ದೆಯ ಸಂಕ್ಷೇಪಗಳು ಬೇಗ ರೂಢಿಯಾಗುತ್ತವೆ. ‘ಸಿಎಚ್. ಎಸ್‌ಟಿಒ.’ ಅಂದರೆ ಚೀಫ್ ಸ್ಟೋಕರ್. ‘ಎಂಇಸಿಎಚ್.’ ಅಂದರೆ ಮೆಕ್ಯಾನಿಷಿಯನ್. ‘ಟಿಎಂಆರ್. ಆರ್.ಎನ್.ಆರ್.’ ಅಂದರೆ ಮೀಸಲು ಪಡೆಯ ಟ್ರಿಮ್ಮರ್. ಬಂಕರಿನಿಂದ ಕಲ್ಲಿದ್ದಲು ಎಳೆದು ತಂದು ಕುಲುಮೆ ಮುಂದೆ ಹಾಕುವವನು.

ಇಲ್ಲಿ ಒಂದು ಸಾಮಾಜಿಕ ಜಗಳವೂ ಅಡಗಿದೆ. ಅದು ಗೊತ್ತಿದ್ದರೆ ಸಂಗ್ರಹಕ್ಕೆ ರುಚಿ ಬರುತ್ತದೆ. ಇಆರ್‌ಎ ಎಂಬ ಹುದ್ದೆ 1868ರಲ್ಲಿ ಶುರುವಾಯಿತು. ಹೊರಗೆ ಫಿಟ್ಟರ್, ಬಾಯ್ಲರ್ ಕೆಲಸಗಾರ, ತಾಮ್ರದ ಕೆಲಸಗಾರ ಅಂತ ಕಲಿತು ಬಂದವರನ್ನು ನೇರವಾಗಿ ತೆಗೆದುಕೊಂಡರು. ನಾಲ್ಕನೇ ದರ್ಜೆಯ ಇಆರ್‌ಎ ಆದರೂ ಚೀಫ್ ಪೆಟಿ ಆಫೀಸರ್ ಮಟ್ಟ. ಡೆಕ್ಕಿನಲ್ಲಿ ವರ್ಷಗಟ್ಟಲೆ ದುಡಿದು ಮೇಲೆ ಬಂದವರಿಗೆ ಇದು ಹಿಡಿಸೀತೇ? ಇನ್ನೊಂದು ಕಡೆ ಸ್ಟೋಕರ್‌ಗಳಿಗೆ ಮೇಲೆ ಹೋಗಲು ದಾರಿಯೇ ಕಡಿಮೆ. 1903ರಲ್ಲಿ ಅವರಿಗಾಗಿ ಮೆಕ್ಯಾನಿಷಿಯನ್ ಹುದ್ದೆ ಬಂತು. ಆಯ್ದ ಸ್ಟೋಕರ್‌ಗಳಿಗೆ ಯಂತ್ರದ ಕೆಲಸ ಕಲಿಸಿ ಏರಿಸುವ ವ್ಯವಸ್ಥೆ. ಅದೇ ವರ್ಷ ಹುಡುಗರನ್ನು ಸೇರಿಸಿಕೊಂಡು ನೌಕಾಪಡೆಯೇ ಇಆರ್‌ಎ ತಯಾರಿಸುವ ಕ್ರಮವೂ ಶುರುವಾಯಿತು. ಹಾಗಾಗಿ ಒಂದೇ ಎಂಜಿನ್ ರೂಮಿನಲ್ಲಿ ಮೂರು ದಾರಿಯಿಂದ ಬಂದವರು ಇದ್ದರು. ಕೊನೆಯ ಹುದ್ದೆ ‘ಎಂಇಸಿಎಚ್.’ ಅಂತ ಇರುವ, ಕೆ ನಂಬರಿನ ಸೆಟ್ ಸಿಕ್ಕರೆ ಬಿಡಬೇಡಿ. ಮಾರುವವರು ಅದನ್ನು ಸಾಮಾನ್ಯ ಸ್ಟೋಕರ್ ಬೆಲೆಗೇ ಕೊಡುವುದುಂಟು.

ಈಗ ನೀವು ಮಾಡಬೇಕಾದ ನಿಜವಾದ ಕೆಲಸ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಡಿಎಂ 188 ಎಂಬ ಸಾಲಿದೆ. ನಾವಿಕರ ಸೇವಾ ಪುಸ್ತಕಗಳು. ನಿಮ್ಮವನ ಪುಟವನ್ನು ಹೆಸರು, ನಂಬರ್ ಹಾಕಿ ಆನ್‌ಲೈನಿನಲ್ಲೇ ತೆಗೆಯಬಹುದು. ಒಂದೇ ಪುಟದಲ್ಲಿ ಎಷ್ಟೊಂದು ಇರುತ್ತದೆ ಗೊತ್ತಾ? ಹುಟ್ಟಿದ ಊರು, ಮೊದಲು ಮಾಡುತ್ತಿದ್ದ ಕೆಲಸ, ಎತ್ತರ, ಕಣ್ಣಿನ ಬಣ್ಣ, ತೋಳಿನ ಮೇಲಿನ ಹಚ್ಚೆ. ಯಾವ ಹಡಗು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ನಡತೆ ಹೇಗಿತ್ತು, ಎಷ್ಟು ದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಕೊನೆಗೆ ‘ಡಿಡಿ’ ಅಂತ ಇದ್ದರೆ ಸೇವೆಯಲ್ಲಿರುವಾಗಲೇ ಸತ್ತ. ‘ರನ್’ ಅಂತ ಇದ್ದರೆ ಓಡಿಹೋದ. ಓಡಿಹೋದವನ ಪದಕ ಮುಟ್ಟುಗೋಲಾಗುತ್ತಿತ್ತು. ಅಂಥವನ ಹೆಸರಿನ ಪದಕ ಸಂತೆಯಲ್ಲಿ ಸಿಕ್ಕರೆ, ಯಾವಾಗ ಕ್ಷಮೆ ಸಿಕ್ಕಿತು ಅಂತ ಕೇಳಬೇಕು. ಎಡಿಎಂ 171 ಎಂಬ ಇನ್ನೊಂದು ಸಾಲಿನಲ್ಲಿ ಪದಕ ಪಡೆದವರ ಪಟ್ಟಿ ಇದೆ. ಎರಡನ್ನೂ ತಾಳೆ ಹಾಕಿ. ಈ ಎರಡು ಪುಟ ಕೈಯಲ್ಲಿಲ್ಲದೆ ಎರಡನೇ ಸೆಟ್ ಕೊಳ್ಳಬೇಡಿ. ನನ್ನ ಸಲಹೆಯ ತಿರುಳು ಇಷ್ಟೇ. ಲೋಹಕ್ಕೆ ದುಡ್ಡು ಕೊಡಬೇಡಿ, ಮನುಷ್ಯನಿಗೆ ಕೊಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮೊದಲ ಮಹಾಯುದ್ಧದ ನೌಕಾ ಪದಕಗಳು ಬಾಯಿ ಬಿಡುವುದಿಲ್ಲ. ಬ್ರಿಟಿಷ್ ವಾರ್ ಮೆಡಲ್‌ಗೆ ಕದನದ ಹೆಸರಿನ ಪಟ್ಟಿ, ಅಂದರೆ ರಿಬ್ಬನ್ ಮೇಲೆ ಕೂರುವ ಲೋಹದ ಪಟ್ಟಿ, ಹಾಕಬೇಕೆಂಬ ಯೋಜನೆ ಇತ್ತು. 1920ರಲ್ಲಿ ನೌಕಾಪಡೆಗೆ 68 ಪಟ್ಟಿಗಳನ್ನು ಒಪ್ಪಿದ್ದರು. ಖರ್ಚು ಜಾಸ್ತಿ ಅಂತ ಕೈಬಿಟ್ಟರು. ಹೀಗಾಗಿ ಇಡೀ ಯುದ್ಧ ಬಂದರಿನಲ್ಲಿ ಕಳೆದವನದೂ, ಫಾಕ್‌ಲ್ಯಾಂಡ್ಸ್ ಕದನದಲ್ಲಿದ್ದವನದೂ ನೋಡಲು ಒಂದೇ ಥರ.

ಫಾಕ್‌ಲ್ಯಾಂಡ್ಸ್ ಅಂದೆ ಅಲ್ವಾ, ಸ್ಟೋಕರ್‌ಗಳ ಕತೆಯಲ್ಲಿ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 1914ರ ನವೆಂಬರ್ 1ರಂದು ಚಿಲಿಯ ಕೊರೊನೆಲ್ ಬಳಿ ಗುಡ್ ಹೋಪ್ ಮತ್ತು ಮನ್ಮತ್ ಎಂಬ ಎರಡು ಬ್ರಿಟಿಷ್ ಹಡಗು ಮುಳುಗಿದವು. ಒಬ್ಬನೂ ಉಳಿಯಲಿಲ್ಲ. ಮನ್ಮತ್‌ಗೆ ಕೊನೆಯ ಏಟು ಕೊಟ್ಟದ್ದು ಜರ್ಮನ್ ಹಡಗು ನ್ಯೂರ್ನ್‌ಬರ್ಗ್. ಡಿಸೆಂಬರ್ 8ರಂದು ಫಾಕ್‌ಲ್ಯಾಂಡ್ಸ್‌ನಲ್ಲಿ ಅದೇ ನ್ಯೂರ್ನ್‌ಬರ್ಗ್ ತಪ್ಪಿಸಿಕೊಂಡು ಓಡಿತು. ಅಟ್ಟಿಸಿಕೊಂಡು ಹೋದದ್ದು ಕೆಂಟ್, ಮನ್ಮತ್‌ನ ಅದೇ ಮಾದರಿಯ ಹಡಗು. ಹಳೆಯದು, ನಿಧಾನದ್ದು, ಕಲ್ಲಿದ್ದಲೂ ಸಾಕಷ್ಟಿರಲಿಲ್ಲ. ಕಾಗದದ ಮೇಲೆ ಅದು ನ್ಯೂರ್ನ್‌ಬರ್ಗ್ ಅನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ಹಡಗಿನ ಮರದ ಸಾಮಾನು, ಏಣಿ, ಬಾಗಿಲು, ಪೀಠೋಪಕರಣ ಎಲ್ಲ ಒಡೆದು ಕುಲುಮೆಗೆ ಹಾಕಿದರು. ಕೆಂಟ್ ತಾನು ಕಟ್ಟಲ್ಪಟ್ಟ ವೇಗವನ್ನೂ ಮೀರಿ ಓಡಿ, ಸಂಜೆ ಹೊತ್ತಿಗೆ ಅದನ್ನು ಹಿಡಿದು ಮುಳುಗಿಸಿತು. ಆ ಕದನ ಗೆದ್ದವರಲ್ಲಿ ಬಂದೂಕಿನವರಷ್ಟೇ ಪಾಲು ಸಲಿಕೆಯವರದು. ಆವತ್ತು ಕೆಂಟ್‌ನ ಬಾಯ್ಲರ್ ರೂಮಿನಲ್ಲಿದ್ದ ಒಬ್ಬ ಸ್ಟೋಕರ್‌ನ ಮೂರು ಪದಕಕ್ಕೂ ಇನ್ನೊಬ್ಬನ ಮೂರು ಪದಕಕ್ಕೂ ಅಂಚಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಸೇವಾ ಪುಟದಲ್ಲಿ ‘ಕೆಂಟ್’ ಎಂಬ ಒಂದು ಪದ, ಎರಡು ತಾರೀಖು. ಅಷ್ಟೇ. ಮಾರುವವನು ಆ ಪುಟ ನೋಡಿರದಿದ್ದರೆ ಬೆಲೆಯೂ ಸಾಮಾನ್ಯದ್ದೇ.

ಮೇಲ್ನೋಟಕ್ಕೇ ವಿಶೇಷ ಅನ್ನಿಸುವ ಒಂದು ಅಪವಾದವಿದೆ. ನಿಮ್ಮದು 1914-15 ಸ್ಟಾರ್. ಅದರಂತೆಯೇ ಕಾಣುವ 1914 ಸ್ಟಾರ್ ಬೇರೆ. ಅದು ಫ್ರಾನ್ಸ್, ಬೆಲ್ಜಿಯಂ ನೆಲದ ಮೇಲೆ 1914ರ ಆಗಸ್ಟ್ 5ರಿಂದ ನವೆಂಬರ್ 22ರ ನಡುವೆ ಸೇವೆ ಮಾಡಿದವರಿಗೆ. ಹಡಗಿನಲ್ಲಿದ್ದವರಿಗೆ ಇಲ್ಲ. ಹಾಗಾದರೆ ಸ್ಟೋಕರ್‌ಗೆ ಹೇಗೆ ಬಂತು? ಯುದ್ಧ ಶುರುವಾದಾಗ ಹಡಗುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಮೀಸಲು ನಾವಿಕರು ಬಂದು ಸೇರಿದರು. ಅವರನ್ನೆಲ್ಲ ರಾಯಲ್ ನೇವಲ್ ಡಿವಿಷನ್ ಅಂತ ಮಾಡಿ, ಕೈಗೆ ರೈಫಲ್ ಕೊಟ್ಟು, ಅಕ್ಟೋಬರಿನಲ್ಲಿ ಆಂಟ್‌ವರ್ಪ್ ರಕ್ಷಣೆಗೆ ಕಳಿಸಿದರು. ಅವರಲ್ಲಿ ಫ್ಲೀಟ್ ರಿಸರ್ವ್‌ನ ಸ್ಟೋಕರ್‌ಗಳು ಬಹಳ. ಹಿಂದೆ ಸರಿಯುವಾಗ ಸುಮಾರು 1,500 ಮಂದಿ ಗಡಿ ದಾಟಿ ಹಾಲೆಂಡಿಗೆ ಹೋಗಿ, ಗ್ರೊನಿಂಗನ್‌ನಲ್ಲಿ ನಜರಬಂದಿಯಾದರು. ಬಾಯ್ಲರ್ ಕೆಲಸ ಕಲಿತವನು ಕಂದಕದಲ್ಲಿ ಕೂತು, ಆಮೇಲೆ ವರ್ಷಗಟ್ಟಲೆ ಡಚ್ ಶಿಬಿರದಲ್ಲಿ. ಸ್ಟೋಕರ್ ಹೆಸರಿನ 1914 ಸ್ಟಾರ್ ಅದಕ್ಕೇ ಹುಡುಕಿ ಕೊಳ್ಳಬೇಕಾದ ವಸ್ತು. ಅದಕ್ಕೇ ನಕಲಿಯೂ ಆಗುತ್ತದೆ.

ನಕಲಿ ಹಿಡಿಯುವ ವಿಷಯದಲ್ಲಿ ನಿಮಗೆ ಅನುಕೂಲವಿದೆ. ವರ್ನಿಯರ್, ಮೈಕ್ರೋಮೀಟರ್ ಹಿಡಿದು ಅಭ್ಯಾಸ ಇರುವವರು ನೀವು. ಹಳೆ ಹೆಸರು ಉಜ್ಜಿ ತೆಗೆದು ಹೊಸ ಹೆಸರು ಹಾಕುವುದು ಈ ವ್ಯಾಪಾರದ ಹಳೆಯ ಮೋಸ. ಉಜ್ಜಿದಾಗ ಲೋಹ ಹೋಗಲೇಬೇಕು. ಬ್ರಿಟಿಷ್ ವಾರ್ ಮೆಡಲ್‌ನ ಅಡ್ಡಳತೆ 36 ಮಿಲಿಮೀಟರ್. ಅನುಮಾನ ಇಲ್ಲದ ಒಂದು ಪದಕ ಪಕ್ಕದಲ್ಲಿಟ್ಟುಕೊಂಡು, ನಾಲ್ಕಾರು ಕಡೆ ಅಳೆಯಿರಿ. ಹೆಸರಿರುವ ಕಡೆ ಸಣ್ಣದಾಗಿ, ಹೆಸರಿಲ್ಲದ ಕಡೆ ಸರಿಯಾಗಿ ಬಂದರೆ ಎದ್ದು ಬನ್ನಿ. ಆಮೇಲೆ ಹತ್ತು ಪಟ್ಟು ತೋರಿಸುವ ಭೂತಗನ್ನಡಿ. ಈ ಪದಕದ ಅಕ್ಷರಗಳು ಅಚ್ಚೊತ್ತಿದವು, ಕೆತ್ತಿದವಲ್ಲ. ಅಚ್ಚೊತ್ತಿದಾಗ ಲೋಹ ಪಕ್ಕಕ್ಕೆ ತಳ್ಳಿಕೊಂಡಿರುತ್ತದೆ. ಅಕ್ಷರದ ತಳ ಸಮನಾಗಿರುತ್ತದೆ. ಕೆತ್ತಿದಾಗ ಉಳಿ ಹೋದ ಗೀರು ಕಾಣುತ್ತದೆ. ಸಾಲು ತೀರಾ ಹೊಸದಾಗಿ ಕಂಡು, ಉಳಿದ ಅಂಚು ಸವೆದಿದ್ದರೆ ಅದೂ ಕೇಳಬೇಕಾದ ಪ್ರಶ್ನೆಯೇ.

ಎರಡನೇ ಮಹಾಯುದ್ಧದ ಕಡೆಗೆ ಹೋದರೆ ಜಾಗ್ರತೆ ಇನ್ನೂ ಬೇಕು. ಬ್ರಿಟನ್ ತನ್ನವರಿಗೆ ಕೊಟ್ಟ ಆ ಯುದ್ಧದ ನಕ್ಷತ್ರಗಳಲ್ಲಿ ಹೆಸರೇ ಇಲ್ಲ. 1939-45 ಸ್ಟಾರ್, ಅಟ್ಲಾಂಟಿಕ್ ಸ್ಟಾರ್, ಬರ್ಮಾ ಸ್ಟಾರ್ ಎಲ್ಲ ಖಾಲಿ. ಯಾರು ಬೇಕಾದರೂ ಯಾವ ಸೆಟ್‌ಗೆ ಬೇಕಾದರೂ ಒಂದನ್ನು ಸೇರಿಸಬಹುದು. ಹೆಸರಿರುವ ಒಂದು ಪದಕ, ಅಂದರೆ ದೀರ್ಘ ಸೇವೆಯದೋ ಶೌರ್ಯದ್ದೋ, ಇಲ್ಲವೇ ಅಂಚೆಯಲ್ಲಿ ಬಂದ ಮೂಲ ರಟ್ಟಿನ ಡಬ್ಬಿ ಮತ್ತು ಚೀಟಿ ಇದ್ದರಷ್ಟೇ ಮುಟ್ಟಿ. ನೌಕಾಪಡೆಯವರು ಅರ್ಜಿ ಹಾಕಿದರೆ ಮಾತ್ರ ಈ ಪದಕ ಸಿಗುತ್ತಿತ್ತು. ಹಾಕದೇ ಬಿಟ್ಟವರು ಬಹಳ. ಹಾಗಾಗಿ ಕುಟುಂಬ ಆಮೇಲೆ ತರಿಸಿಕೊಂಡ ಪದಕಗಳೂ ಇರುತ್ತವೆ. ಅವು ಸುಳ್ಳಲ್ಲ, ಆದರೆ ಬೆಲೆ ಕಟ್ಟುವಾಗ ಗೊತ್ತಿರಬೇಕು.

ನೇವಲ್ ಜನರಲ್ ಸರ್ವಿಸ್ ಮೆಡಲ್‌ನ ಮೇಲೆ ಬರುವ 1949ರ ‘ಯಾಂಗ್‌ಟ್ಸೆ’ ಪಟ್ಟಿಯ ಬಗ್ಗೆಯೂ ಒಂದು ಮಾತು. ಆ ವರ್ಷ ಏಪ್ರಿಲ್ 20ರಂದು ಅಮೆಥಿಸ್ಟ್ ಹಡಗು ಚೀನಾದ ನದಿಯಲ್ಲಿ ಗುಂಡಿನ ದಾಳಿಗೆ ಸಿಕ್ಕಿ ನಿಂತುಹೋಯಿತು. ಜುಲೈ 30ರ ರಾತ್ರಿ ಕತ್ತಲಲ್ಲಿ ತಪ್ಪಿಸಿಕೊಂಡು ಸಮುದ್ರ ಸೇರಿತು. ಅರ್ಧಂಬರ್ಧ ಸಿಬ್ಬಂದಿಯಲ್ಲಿ ಎಂಜಿನ್ ರೂಮಿನವರ ಪಾಡು ನೀವೇ ಊಹಿಸಿ. ಪದಕದಲ್ಲಿ ಹಡಗಿನ ಹೆಸರು ಇರುವುದಿಲ್ಲ. ಕಾನ್ಸಾರ್ಟ್, ಲಂಡನ್, ಬ್ಲ್ಯಾಕ್ ಸ್ವಾನ್ ಹಡಗಿನವರಿಗೂ ಅದೇ ಪಟ್ಟಿ. ಅಮೆಥಿಸ್ಟ್ ಅಂತ ಬಾಯಲ್ಲಿ ಹೇಳಿ ದುಬಾರಿ ಬೆಲೆ ಹೇಳುವವರು ಸಿಗುತ್ತಾರೆ. ಆ ಹಡಗಿನವರ ಹೆಸರುಗಳ ದಾಖಲೆಯಲ್ಲಿ ಇವನ ಹೆಸರು ನೋಡದೆ ದುಡ್ಡು ಕೊಡಬೇಡಿ.

ಶೌರ್ಯ ಪದಕಗಳು ಮುಂದಿನ ಮೆಟ್ಟಿಲು, ಜೇಬಿಗೂ ಭಾರ. ನಾವಿಕರಿಗೆ ಇದ್ದದ್ದು ಮುಖ್ಯವಾಗಿ ಎರಡು. 1914ರ ಅಕ್ಟೋಬರಿನಲ್ಲಿ ಶುರುವಾದ ಡಿಎಸ್ಎಂ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್), ಅದಕ್ಕೂ ಮೇಲಿನ ಸಿಜಿಎಂ (ಕಾನ್‌ಸ್ಪಿಕ್ಯುಯಸ್ ಗ್ಯಾಲಂಟ್ರಿ ಮೆಡಲ್). ಎರಡೂ 1993ರಲ್ಲಿ ನಿಂತವು. ಎಂಜಿನ್ ವಿಭಾಗಕ್ಕೆ ಡಿಎಸ್ಎಂ ಬರುವ ರೀತಿ ವಿಚಿತ್ರ. ಡೆಕ್ಕಿನ ಮೇಲಿದ್ದವನ ಸಾಹಸ ಎಲ್ಲರೂ ಕಾಣುತ್ತಾರೆ. ಕೆಳಗಿನವನದು ಯಾರಿಗೂ ಕಾಣುವುದಿಲ್ಲ. ಆದರೂ 1915ರ ಜನವರಿ 24ರ ಡಾಗರ್ ಬ್ಯಾಂಕ್ ಕದನದ ಬಹುಮಾನ ಪಟ್ಟಿ ನೋಡಿ. ಚೀಫ್ ಇಆರ್‌ಎ, ಮೆಕ್ಯಾನಿಷಿಯನ್, ಚೀಫ್ ಸ್ಟೋಕರ್‌ಗಳ ಹೆಸರೇ ಸಾಲಾಗಿ ಬರುತ್ತವೆ. ಅದು ಬೆನ್ನಟ್ಟುವ ಕದನ, ವೇಗವೇ ಅಸ್ತ್ರ. ಜಲಾಂತರ್ಗಾಮಿಗಳಲ್ಲಿ ಇನ್ನೂ ಸರಳ. 1914ರ ಡಿಸೆಂಬರಿನಲ್ಲಿ ಡಾರ್ಡನೆಲ್ಸ್ ಒಳಗೆ ನುಗ್ಗಿದ ಬಿ11ರ ನಾವಿಕರೆಲ್ಲರಿಗೂ ಡಿಎಸ್ಎಂ ಕೊಟ್ಟರು. ಎಂಜಿನ್ ನೋಡಿಕೊಂಡವನಿಗೂ ಅದೇ.

ಸಿಜಿಎಂ ಅಂದರೆ ನನಗೆ ನೆನಪಾಗುವುದು ಪುಟ್ಟ ಜಲಾಂತರ್ಗಾಮಿ ಎಕ್ಸ್6. ನಾಲ್ಕೇ ಜನರ ಸಿಬ್ಬಂದಿ. 1943ರ ಸೆಪ್ಟೆಂಬರ್ 22ರಂದು ನಾರ್ವೆಯಲ್ಲಿ ಟಿರ್ಪಿಟ್ಸ್ ಯುದ್ಧನೌಕೆಯ ಕೆಳಗೆ ಸ್ಫೋಟಕ ಇಟ್ಟರು. ಅದರ ನಾಯಕ ಲೆಫ್ಟಿನೆಂಟ್ ಡೊನಾಲ್ಡ್ ಕ್ಯಾಮರನ್‌ಗೆ ವಿಕ್ಟೋರಿಯಾ ಕ್ರಾಸ್. ಇಆರ್‌ಎ ಎಡ್ಮಂಡ್ ಗೊಡಾರ್ಡ್‌ಗೆ ಸಿಜಿಎಂ. ಅದೇ ದಾಳಿಯ ಎಕ್ಸ್7ರ ಇಆರ್‌ಎ ವಿಲಿಯಂ ವಿಟ್ಲಿ ಬದುಕಿ ಬರಲಿಲ್ಲ. ಆಗಿನ ನಿಯಮದಲ್ಲಿ ಸತ್ತವರಿಗೆ ವಿಕ್ಟೋರಿಯಾ ಕ್ರಾಸ್ ಕೊಡಬಹುದಿತ್ತು, ಇಲ್ಲವೇ ವರದಿಯಲ್ಲಿ ಹೆಸರು ಹಾಕಬಹುದಿತ್ತು. ನಡುವಿನ ಸಿಜಿಎಂ, ಡಿಎಸ್ಎಂ ಎರಡೂ ಬದುಕಿದ್ದವರಿಗೆ ಮಾತ್ರ. ಸಂಗ್ರಹಗಾರ ಈ ನಿಯಮ ನೆನಪಿಟ್ಟುಕೊಳ್ಳಬೇಕು. ಕದನದಲ್ಲೇ ಸತ್ತವನಿಗೆ ಅದೇ ಕದನಕ್ಕಾಗಿ ಡಿಎಸ್ಎಂ ಅಂತ ಯಾರಾದರೂ ತೋರಿಸಿದರೆ ದಾಖಲೆ ಕೇಳಿ. ಪದಕಗಳ ಘೋಷಣೆ ಅಚ್ಚಾಗುವ ಸರಕಾರಿ ಪತ್ರ ಲಂಡನ್ ಗೆಜೆಟ್ ಉಚಿತವಾಗಿ ಆನ್‌ಲೈನಿನಲ್ಲಿದೆ.

ಶುರು ಎಲ್ಲಿಂದ? ನನ್ನ ಮಟ್ಟಿಗೆ ವಿಷಯ ಸಣ್ಣದಾದಷ್ಟೂ ಒಳ್ಳೆಯದು. ‘ಎಂಜಿನ್ ವಿಭಾಗ’ ಅಂದರೆ ಸಮುದ್ರ. ಡೆವನ್‌ಪೋರ್ಟ್‌ನ ಸ್ಟೋಕರ್‌ಗಳು ಅಂತ ಇಟ್ಟುಕೊಳ್ಳಿ, ಅಥವಾ ಒಂದೇ ಹಡಗು, ಅಥವಾ ಮೆಕ್ಯಾನಿಷಿಯನ್‌ಗಳು ಮಾತ್ರ. ನೀವು ಪ್ಲಿಮತ್‌ನಲ್ಲೇ ಇರುವುದರಿಂದ ಮೊದಲನೆಯದು ಸಲೀಸು. ಹೋ ಮೈದಾನದ ನೌಕಾ ಸ್ಮಾರಕದಲ್ಲಿ ಹೆಸರುಗಳನ್ನು ವರ್ಷ, ಹುದ್ದೆಯ ಪ್ರಕಾರ ಹಾಕಿದ್ದಾರೆ. ಸ್ಟೋಕರ್‌ಗಳ ಸಾಲು ಎಷ್ಟು ಉದ್ದ ಅಂತ ಒಂದು ಸಂಜೆ ಹೋಗಿ ನೋಡಿ ಬನ್ನಿ. ಕೊಳ್ಳುವ ಮೊದಲು ನೂನನ್ಸ್, ಸ್ಪಿಂಕ್‌ನಂಥ ಹರಾಜು ಮನೆಗಳ ಹಳೆಯ ಹರಾಜಿನ ದಾಖಲೆ ತೆರೆದು, ಅಂಥದ್ದೇ ಸೆಟ್ ಎಷ್ಟಕ್ಕೆ ಹೋಯಿತು ನೋಡಿ. 1942ರಿಂದ ಇರುವ ಆರ್ಡರ್ಸ್ ಅಂಡ್ ಮೆಡಲ್ಸ್ ರಿಸರ್ಚ್ ಸೊಸೈಟಿಗೆ ಸೇರಿದರೆ ಕೇಳಲು ಜನ ಸಿಗುತ್ತಾರೆ.

ಸೆಟ್ ಒಡೆಯಬೇಡಿ, ಒಡೆದದ್ದನ್ನು ಅಗ್ಗಕ್ಕೆ ಸಿಕ್ಕಿತು ಅಂತಲೂ ಮೊದಲಿಗೇ ಕೊಳ್ಳಬೇಡಿ. ಒಂಟಿ ವಿಕ್ಟರಿ ಮೆಡಲ್‌ಗಳು ಇಷ್ಟೊಂದು ಯಾಕೆ ಸಿಗುತ್ತವೆ ಗೊತ್ತಾ? ಅದು ಕಂಚು. ಜೊತೆಯ ವಾರ್ ಮೆಡಲ್ ಬೆಳ್ಳಿ, ಸುಮಾರು ಒಂದು ಔನ್ಸ್. 1980ರ ಶುರುವಿನಲ್ಲಿ ಬೆಳ್ಳಿ ಬೆಲೆ ಔನ್ಸಿಗೆ 50 ಡಾಲರ್ ಹತ್ತಿರಕ್ಕೆ ಹಾರಿದಾಗ ರಾಶಿ ರಾಶಿ ವಾರ್ ಮೆಡಲ್‌ಗಳು ಕರಗಿದವು. ಹೆಸರು, ನಂಬರ್ ಸಮೇತ. ನಮ್ಮ ಕಡೆ ಅಜ್ಜಿಯ ಹಳೆ ಬೆಳ್ಳಿ ಗೆಜ್ಜೆ ಅಂಗಡಿಗೆ ಹೋದ ಹಾಗೆಯೇ.

ತಿಕ್ಕುವ ವಿಷಯ: ಬೇಡ. ಬ್ರಾಸೋ ಹಚ್ಚಬೇಡಿ, ಹುಣಸೆಹಣ್ಣೂ ಬೇಡ. ಪ್ರತಿ ಸಲ ತಿಕ್ಕಿದಾಗ ಅಂಚಿನ ಅಕ್ಷರ ಒಂದು ಪದರ ಹೋಗುತ್ತದೆ. ನಾವಿಕನೇ ಪೆರೇಡಿಗಾಗಿ ತಿಕ್ಕಿ ಸವೆಸಿದ್ದರೆ ಅದು ಅವನ ಕತೆ, ಅದಕ್ಕೆ ನಾನು ಬೆಲೆ ಕಡಿಮೆ ಮಾಡುವುದಿಲ್ಲ. ರಿಬ್ಬನ್ ಹಳೆಯದಾದರೂ ಬಿಚ್ಚಬೇಡಿ. ಪಿವಿಸಿ ಹಾಳೆಯ ಆಲ್ಬಂನಲ್ಲಿ ಇಟ್ಟರೆ ಕಂಚು ಹಸಿರಾಗಿ ಅಂಟಂಟಾಗುತ್ತದೆ. ಆಮ್ಲವಿಲ್ಲದ ಕಾಗದ, ಪಾಲಿಯೆಸ್ಟರ್ ಲಕೋಟೆ, ಒಂದು ಪೊಟ್ಟಣ ಸಿಲಿಕಾ ಜೆಲ್ ಸಾಕು. ಮುಂಗಾರಿನಲ್ಲಿ ಧಾರವಾಡದ ಗೋಡೆಯ ಬೀರುವಿನಲ್ಲಂತೂ ಸಿಲಿಕಾ ಜೆಲ್ ಬೇಕೇ ಬೇಕು.

ಊರಿಗೆ ಒಯ್ಯುವಾಗ ಕೊಂಡ ರಸೀದಿ, ಫೋಟೋ ಜೊತೆಗಿರಲಿ. ಒಳಗೆ ತರುವುದಕ್ಕಿಂತ ಮತ್ತೆ ಹೊರಗೆ ಒಯ್ಯುವುದೇ ತಲೆನೋವು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕ ಈಗ ಆ ವಯಸ್ಸು ದಾಟಿದೆ. ಊರಿಗೆ ಒಯ್ಯುವ ಮುನ್ನವೇ ಭಾರತೀಯ ಪುರಾತತ್ವ ಇಲಾಖೆಯನ್ನು ಕೇಳಿ ತಿಳಿದುಕೊಳ್ಳಿ. ಇಂಗ್ಲೆಂಡಿನಲ್ಲೇ ನೆಲೆಸುವ ಯೋಚನೆ ಇದ್ದರೆ ಸುಮ್ನೆ ಅಲ್ಲೇ ಇಡುವುದು ಮೇಲು.

ಮನೆಯವರಿಗೆ ವಾಪಸ್ ಕೊಡಬೇಕು ಅಂತ ಕಾನೂನಿಲ್ಲ. ಎಷ್ಟೋ ಸಲ ಮಾರಿದ್ದು ಆ ಮನೆಯವರೇ. ನಿಮ್ಮ ಹುಡುಕಾಟದಲ್ಲಿ ಮೊಮ್ಮಕ್ಕಳು ಸಿಕ್ಕರೆ ಮೊದಲು ಸೇವಾ ಪುಟದ ಪ್ರತಿ ಕಳಿಸಿ ಮಾತಾಡಿ. ಪದಕ ಬೇಕು ಅಂದರೆ ನೀವು ಕೊಟ್ಟ ಬೆಲೆಗೆ ಕೊಡಿ. ಬೇಡ ಅಂದರೆ ಆತನ ಒಂದು ಫೋಟೋ ಇದೆಯಾ ಅಂತ ಕೇಳಿ. ಬಹಳ ಮನೆಗಳಲ್ಲಿ ಪದಕ ಹೋಗಿದ್ದರೂ ಫೋಟೋ ಉಳಿದಿರುತ್ತದೆ.